ಆಳಿಗೊಂದು ಬಂಡೆ

ಗಾದಿಗನೂರಿನ ಸುಂಕಲಮ್ಮನ ಅಂಗಳ ಅಂಥ ದೊಡ್ಡದೇನಲ್ಲ. ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲ. ಅಲ್ಲಿ ಹಾಸಿದ್ದ ಹಳೆಯ ಬಂಡೆಗಳು ತಗ್ಗುದಿಣ್ಣೆಯಾಗಿ, ಹೋದ ಮಳೆಗಾಲದಲ್ಲಿ ಅವಳು ಜಾರಿ ಬಿದ್ದು ಸೊಂಟ ನೋಯಿಸಿಕೊಂಡಿದ್ದಳು. ಅದಕ್ಕೇ ಮಗಳು ಭವ್ಯ ಹಟ ಹಿಡಿದು ಗೌಂಡಿ ಅಂಜಿನಿಯನ್ನು ಕರೆಸಿದ್ದಳು.

ತೋರಣಗಲ್ಲಿನ ಫ್ಯಾಕ್ಟರಿಯೊಂದರ ಆಫೀಸಿನಲ್ಲಿ ಕೆಲಸಕ್ಕಿದ್ದ ಭವ್ಯಳಿಗೆ ಲೆಕ್ಕವೆಂದರೆ ನೀರು ಕುಡಿದಷ್ಟು ಸುಲಭ. ಟೇಪು ಹಿಡಿದು ಅಳೆದವಳೇ ಹೇಳಿಬಿಟ್ಟಳು.

“ಹನ್ನೆರಡಾರ್ಲೆ ಎಪ್ಪತ್ತೆರಡು. ಎರಡಡಿ ಚೌಕದ ಕಲ್ಲು ಅಂದ್ರ ಒಂದೊಂದು ನಾಕಡಿ ಜಾಗ ತಿಂತಾವ. ಹದಿನೆಂಟು ಬೇಕಣ್ಣಾ. ಒಡದ್ರ ಇರ್ಲಿ ಅಂತ ಮ್ಯಾಲೆ ಎರಡು ತರ್ರಿ.”

“ಈ ಹಳೇವು?”

“ಒಡದು ಚರಂಡಿ ಮ್ಯಾಲ ಮುಚ್ಚಿಬಿಡ್ರಿ.”

ಹೊಸ್ತಿಲಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದ ಸುಂಕಲಮ್ಮನ ಕೈ ನಿಂತಿತು. ಅಲ್ಲಿದ್ದ ಉದ್ದುದ್ದ ಬಂಡೆಗಳು ಆರು. ಐದು ಬೂದು ಬಣ್ಣದವು, ಗೋಡೆಯ ಕಡೆಯ ಕೊನೆಯದೊಂದು ಮಾತ್ರ ಕೆಂಪು. ಉಳಿದವು ಎಲ್ಲಿಗಾದರೂ ಹೋಗಲಿ, ಆ ಕೆಂಪು ಬಂಡೆ ಚರಂಡಿಗೆ ಹೋಗುವುದು ಅವಳಿಗೆ ಬೇಡವಾಗಿತ್ತು. ಹಾಗಂತ ಬಾಯಿಬಿಟ್ಟು ಹೇಳಲು ನಾಚಿಕೆ. ಮಗಳು ತನ್ನ ಸಂಬಳದಲ್ಲಿ ಮಾಡಿಸುತ್ತಿರುವಾಗ ಮುದುಕಿ ಕಲ್ಲಿಗೆ ಜೋತುಬಿದ್ದಳು ಅಂದಾರು.

“ಆ ಕೊನೀದು ಇನ್ನಾ ಗಟ್ಟಿ ಐತಿ ನೋಡು,” ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಹೇಳಿ ನೋಡಿದಳು.

“ಗಟ್ಟಿ ಇದ್ರ ಚರಂಡಿಗೆ ಇನ್ನಾ ಚಲೋ ಆತಲ್ಲವ್ವಾ!” ಅಂದಳು ಭವ್ಯ.

ಈ ಅಂಗಳಕ್ಕೆ ಮೊದಲ ಲೆಕ್ಕ ಹಾಕಿದವನು ಭವ್ಯಳ ಅಪ್ಪ ಹುಸೇನಪ್ಪ. ಸಂಡೂರಿನ ಗಣಿಯಲ್ಲಿ ಅದಿರು ತುಂಬುವ ಆಳು. ಆಗಿನ್ನೂ ಭವ್ಯ ಹುಟ್ಟಿರಲಿಲ್ಲ. ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಅಂಗಳದಲ್ಲೇ ಮಲಗುವವರು. ಟೇಪು ಗೀಪು ಅವನಿಗೆ ಎಲ್ಲಿಂದ ಬರಬೇಕು? ಅಪ್ಪ, ಅವ್ವ, ಇಬ್ಬರು ತಮ್ಮಂದಿರನ್ನು ಹಾಡುಹಗಲೇ ಸಾಲಾಗಿ ಮಣ್ಣಿನ ಮೇಲೆ ಮಲಗಿಸಿ, ತಾನೂ ಒಂದು ಸಲ ಉರುಳಿ, ಪಕ್ಕಪಕ್ಕಕ್ಕೆ ಬೇವಿನ ಕಡ್ಡಿಯಿಂದ ಗೆರೆ ಎಳೆದ. ಆಳಿಗೊಂದು ಬಂಡೆ, ಐದಾಳಿಗೆ ಐದು! ಓಣಿಯವರೆಲ್ಲ ಭೇಷ್ ಅಂದರು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿಯ ನೆನಪು ಆ ಜಾಣನಿಗೆ ಬರಲೇ ಇಲ್ಲ.

ಬಂಡೆ ಹಾಸಿದ ರಾತ್ರಿ ಸುಂಕಲಮ್ಮ ಮುಸುರೆ ತೊಳೆದು ಕೌದಿ ಹಿಡಿದು ಬಂದರೆ, ಐದು ಬಂಡೆಯ ಮೇಲೆ ಐದು ಜನ. ಅವಳ ಪಾಲಿಗೆ ಗೋಡೆಯ ಕಡೆ ಬರೀ ಮಣ್ಣು. ಅಲ್ಲೇ ಹಾಸಿಕೊಂಡಳು. ಅಳು ಬಂತು, ಸೆರಗಿನಲ್ಲಿ ಒರೆಸಿಕೊಂಡಳು. ಹುಸೇನಪ್ಪ ಎದ್ದು ಕೂತವನು ಬೆಳಗಿನವರೆಗೂ ಮಲಗಲಿಲ್ಲ. ತಪ್ಪಾಯಿತು ಅನ್ನುವ ಗಂಡಸೂ ಅಲ್ಲ. ಆದರೆ ವಾರದೊಳಗೆ ಅದಿರಿನ ಲಾರಿಯೊಂದು ಬಾಗಿಲಿಗೆ ಬಂದು ನಿಂತಿತು. ಅದಿರಿನ ಮೇಲೆ ಈ ಕೆಂಪು ಬಂಡೆ, ಅದರ ಮೇಲೆ ಅವನು, ಮೈಯೆಲ್ಲ ಕೆಂಧೂಳು. “ಲೆಕ್ಕ ಒಂದೀಟು ತಪ್ಪಿತ್ತು,” ಅಂದನಷ್ಟೆ.

ಅವನು ಹೋಗಿ ಒಂಬತ್ತು ವರ್ಷವಾಯಿತು. ಅವನ ನೆನಪಾದಾಗ ಇವಳು ಫೋಟೋ ನೋಡುವುದಿಲ್ಲ, ಆ ಬಂಡೆಯ ಮೇಲೆ ಹೋಗಿ ಕೂಡುತ್ತಾಳೆ.

“ತಳದ ಮಣ್ಣು ಹೆಂಗೈತಿ ನೋಡಾಣ,” ಎಂದು ಅಂಜಿನಿ ಕೆಂಪು ಬಂಡೆಯ ಅಂಚಿಗೇ ಹಾರೆ ಹಾಕಿದ. ಸುಂಕಲಮ್ಮನ ಮಡಿಲ ಶೇಂಗಾವೆಲ್ಲ ನೆಲದ ಪಾಲಾಯಿತು.

“ಅದನ್ನ ಮುಟ್ಟಬ್ಯಾಡಪಾ! ಅದು ನಂದು!”

ಇಬ್ಬರೂ ಬೆಚ್ಚಿ ನೋಡಿದರು. ಇನ್ನು ಮುಚ್ಚಿಟ್ಟು ಏನು ಮಾಡುವುದು? ಬೇವಿನ ಕಡ್ಡಿಯಿಂದ ಲಾರಿಯವರೆಗೆ ಎಲ್ಲವನ್ನೂ ಹೇಳಿದಳು. ಭವ್ಯ ಕೇಳುತ್ತ ಕೇಳುತ್ತ ಟೇಪನ್ನು ಸುತ್ತಿ ಕೆಳಗಿಟ್ಟಳು.

“ಹಂಗಾದ್ರ ನಾನು ಹುಟ್ಟಿದ ಮ್ಯಾಲ ನನ್ ಕಲ್ಲು ಯಾವುದವ್ವಾ?”

“ನಿನಗೆಲ್ಲೀದಲೇ ಕಲ್ಲು? ಇದರ ಮ್ಯಾಲೇ ನನ್ನ ಹೊಟ್ಟಿಗೆ ಆತುಕೊಂಡು ಮಲಗ್ತಿದ್ದಿ.”

ಭವ್ಯ ಆ ಕೆಂಪು ಬಂಡೆಯ ಮೇಲೆ ಕೈಯಾಡಿಸಿದಳು. ಆಮೇಲೆ ಅಂಜಿನಿಯ ಕಡೆ ತಿರುಗಿ, “ಅಣ್ಣಾ, ಇದನ್ನ ಎತ್ತಿ ಮಟ್ಟ ಮಾಡಿ ಮತ್ತ ಇಲ್ಲೇ ಕೂಡಿಸ್ರಿ. ಮೂರು ಕಲ್ಲಿನ ಜಾಗ ಇದು. ಹದಿನೈದು ಸಾಕು,” ಅಂದಳು. ಅಂದವಳೇ ಆಫೀಸಿನ ಬಟ್ಟೆಯಲ್ಲೇ ಬಂಡೆಯ ಮೇಲೆ ಅಡ್ಡಾಗಿ, ಗೋಡೆಯ ಕಡೆ ಸರಿದು ಜಾಗ ಮಾಡಿದಳು.

“ಏಳಲೇ, ಮಂದಿ ನೋಡ್ತಾರ,” ಎನ್ನುತ್ತಲೇ ಸುಂಕಲಮ್ಮ ಬಂದು ಪಕ್ಕದಲ್ಲಿ ಕೂತಳು.

“ಇಬ್ಬರಿಗೆ ಇದು ಸಾಲಾಂಗಿಲ್ಲವ್ವಾ.”

“ಅವಾಗ ಸಾಲ್ತಿತ್ತು,” ಅಂದಳು ಸುಂಕಲಮ್ಮ, ಮಗಳ ತಲೆ ಸವರುತ್ತ.