ಉಕ್ಕುವ ಹೊತ್ತು

ಮೊಳಕೆ ಜೋಳದ ರಸ ಕುದಿಗೆ ಬರುವ ಹೊತ್ತಿನಲ್ಲಿ ಅಕೊಲ್‌ಪೋಕಾ ಯಾರ ಮಾತಿಗೂ ಓಗೊಡುತ್ತಿರಲಿಲ್ಲ. ಮೂರು ಮಣ್ಣಿನ ಹಂಡೆಗಳಲ್ಲಿ ಕಂದು ನೊರೆ ಕಂಠಕ್ಕೇರಿದ ಕೂಡಲೇ ಒಲೆಯಿಂದ ಕೊಳ್ಳಿ ಹಿಂದಕ್ಕೆಳೆಯಬೇಕು, ಸೋರೆಬುರುಡೆಯಲ್ಲಿ ರಸ ಎತ್ತಿ ಸುರಿದು ನೊರೆ ಇಳಿಸಬೇಕು. ಕಣ್ಣು ತಪ್ಪಿದರೆ ಮೂರು ದಿನದ ದುಡಿಮೆ ಬೂದಿಯ ಪಾಲು. ಬೊಲ್ಗಾ ಊರಿನ ಸಂತೆಯಲ್ಲಿ ಜನ ಅವಳ ಪಿಟೊ, ಆ ಜೋಳದ ಹೆಂಡ, ಬರುವ ತನಕ ಬೇರೆ ಯಾರ ಬಳಿಯೂ ಕುಡಿಯುತ್ತಿರಲಿಲ್ಲ.

ಆ ಬೆಳಿಗ್ಗೆ ಅಂಗಳದ ಮಣ್ಣುಗೋಡೆ ಹಾರಿ ಬಂದವನು ಅಯಾಮ್ಗಾ, ಸತ್ತ ಗಂಡನ ತಮ್ಮ. ಗಂಡನ ಕರ್ಮ ಮುಗಿದ ದಿನ ಹಿರಿಯರು ಅವಳನ್ನು, ಪದ್ಧತಿಯಂತೆ ಮೈದುನನ ಹೆಂಡತಿಯಾಗಿ ಅವನ ಮನೆ ಸೇರುತ್ತೀಯಾ ಎಂದು ಕೇಳಿದ್ದರು. ಅತ್ತೆಯ ಜೊತೆಗೇ ಇರುತ್ತೇನೆ ಎಂದು ಅವಳು ಎಲ್ಲರೆದುರೇ ಹೇಳಿಬಿಟ್ಟಿದ್ದಳು.

"ಏನತ್ತಿಗೆ, ಊರಿಗೆಲ್ಲ ಕುಡಿಸ್ತೀಯ, ನಂಗೆ ಮಾತ್ರ ಬಾಗ್ಲು ಹಾಕ್ತೀಯ?"

"ಹಂಡೆ ಉಕ್ತಾ ಇದೆ. ಆಚೆ ಹೋಗು."

"ಉಕ್ಕಲಿ ಬಿಡೇ!" ಎಂದವನೇ ಇದ್ದ ಸೌದೆಯನ್ನೆಲ್ಲ ಕಾಲಿನಿಂದ ಒಲೆಗೆ ನೂಕಿದ.

ಉರಿ ಭಗ್ಗನೆ ಎದ್ದಿತು. ಸೋರೆಬುರುಡೆ ಹಿಡಿದೇ ಕೊಳ್ಳಿ ಎಳೆಯಲು ಬಾಗಿದವಳ ಸೊಂಟಕ್ಕೆ ಒದ್ದ. ಬಿದ್ದ ರಭಸಕ್ಕೆ ಅವಳ ಎಡಗೈ ಹಂಡೆಗೆ ತಗುಲಿ ಚರ್ಮ ಅಲ್ಲೇ ಅಂಟಿಕೊಂಡಿತು. ಅವನು ಜುಟ್ಟು ಹಿಡಿದೆತ್ತಿ ಅವಳ ಮುಖವನ್ನು ಕುದಿಯುವ ರಸದತ್ತ ಬಗ್ಗಿಸಿದ.

"ಹೂಂ ಅನ್ನು! ಬರ್ತೀನಿ ಅನ್ನು!"

ಬಲಗೈಯಲ್ಲಿ ಬುರುಡೆ ಇನ್ನೂ ಇತ್ತು. ಅದ್ದಿದವಳೇ ಹೆಗಲ ಮೇಲಿಂದ ಹಿಂದಕ್ಕೆ ಎರಚಿದಳು. ಅಯಾಮ್ಗಾ ಮುಖ ಮುಚ್ಚಿಕೊಂಡು ಕಿರುಚುತ್ತ ಪಕ್ಕದ ಹಂಡೆಯ ಮೇಲೆ ಬಿದ್ದ. ಹಂಡೆ ಒಡೆದು ಕುದಿರಸ ಅವನ ತೊಡೆಯ ಮೇಲೆಲ್ಲ ಹರಿಯಿತು. ಆದರೂ ಎದ್ದ. ಒಂದೇ ಕಣ್ಣು ತೆರೆದುಕೊಂಡು, ಗೋಡೆಗೊರಗಿಸಿದ್ದ ಒನಕೆ ಹಿಡಿದು ಬೀಸಿದ. ಅವಳ ಹೆಗಲ ಮೂಳೆ ಲಟ್ಟೆಂದಿತು.

ಎರಡನೆಯ ಏಟಿಗೆ ಒನಕೆ ಎತ್ತುವಷ್ಟರಲ್ಲಿ ಒಳಗಿನಿಂದ ಬಂದ ಮುದುಕಿ ಅಸಂಪಾನಾ, ಅವನ ಹೆತ್ತ ತಾಯಿ, ಒಲೆಯಿಂದ ಉರಿಯುವ ಕೊಳ್ಳಿ ಕಿತ್ತು ಅವನ ಮೊಣಕೈಗೆ ಬಾರಿಸಿದಳು. ಒನಕೆ ಕೆಳಗೆ ಬಿತ್ತು.

"ಅವ್ವಾ! ನಾನು ನಿನ್ನ ಮಗ!"

"ಗೊತ್ತು ಕಣೋ. ಅದಕ್ಕೇ ಕೈಗೆ ಹೊಡ್ದೆ. ಇಲ್ದಿದ್ರೆ ತಲೆಗೇ ಹೊಡೀತಿದ್ದೆ."

ನೆರೆಯವರು ಓಡಿ ಬಂದು ಅವನ ಮೇಲೆ ನೀರು ಸುರಿದು, ಆಸ್ಪತ್ರೆಗೆ ಹೊತ್ತೊಯ್ದರು. ಮುದುಕಿ ನೆಲಕ್ಕೆ ಕುಸಿದು, ಕೊಳ್ಳಿ ಹಿಡಿದಿದ್ದ ಕೈಯನ್ನೇ ನೋಡುತ್ತ ಗೊಳೋ ಎಂದು ಅತ್ತಳು. ಉಳಿದೆರಡು ಹಂಡೆಗಳಲ್ಲಿ ನೊರೆ ಮತ್ತೆ ಕಂಠಕ್ಕೇರುತ್ತಿತ್ತು. ಅಕೊಲ್‌ಪೋಕಾಳ ಒಂದು ಕೈ ಸುಟ್ಟಿತ್ತು, ಇನ್ನೊಂದು ಎತ್ತಲಾಗದೆ ಜೋತಾಡುತ್ತಿತ್ತು.

"ಅತ್ತೆ, ಸೌದೆ ಎಳೀರಿ," ಎಂದಳು ಮೆಲ್ಲಗೆ.

ಮುದುಕಿ ಕಣ್ಣೊರೆಸಿಕೊಂಡು ಎಳೆದಳು.

ಅಯಾಮ್ಗಾನ ಎಡಗಣ್ಣು ಹೋಯಿತು. ಆ ಅಂಗಳಕ್ಕೆ ಅವನು ಕಾಲಿಡಕೂಡದೆಂದು ಹಿರಿಯರು ತೀರ್ಪಿತ್ತರು. ಅವನು ಆಸ್ಪತ್ರೆಯಲ್ಲಿದ್ದಷ್ಟು ದಿನವೂ ತಾಯಿ ಅವನಿಗೆ ಅಂಬಲಿ ಒಯ್ದಳು. ಅಕೊಲ್‌ಪೋಕಾ ಬೇಡವೆನ್ನಲಿಲ್ಲ. ತಾನು ಮಾತ್ರ ಒಮ್ಮೆಯೂ ಹೋಗಲಿಲ್ಲ.