ಆರನೇ ಭಾಗ

"ತಲೆ ಎತ್ತಬೇಡಿ ಅಂದ್ನಲ್ಲ ರೀ!"

ಹೆಂಡತಿ ಪುಸ್ತಕವನ್ನು ತೊಡೆಯ ಮೇಲೆ ಬೋರಲು ಹಾಕಿ ಗಂಡನ ಹಿಂದಲೆಯನ್ನು ಕೈಯಿಂದ ಒತ್ತಿದಳು. ಅವನು ಗೊಣಗುತ್ತ ಹಣೆಯನ್ನು ಮತ್ತೆ ಎರಡು ದಿಂಬುಗಳ ನಡುವಿನ ಸಂದಿಗೆ ಇಳಿಸಿದ.

ಬಲಗಣ್ಣಿನ ಒಳಪರದೆ ಕಿತ್ತುಬಂದಿತ್ತು. ಡಾಕ್ಟರು ಅದನ್ನು ಅಂಟಿಸಿ, ಒತ್ತಿ ಹಿಡಿಯಲು ಕಣ್ಣೊಳಗೆ ಗಾಳಿಗುಳ್ಳೆ ತುಂಬಿ, ವಾರ ಪೂರ್ತಿ ಮುಖ ಕೆಳಗೆ ಮಾಡಿಯೇ ಮಲಗಬೇಕು, ಓದುವಂತೆಯೂ ಇಲ್ಲ ಎಂದಿದ್ದರು. "ಗುಳ್ಳೆ ಜಾಗ ಬಿಟ್ರೆ ಪರದೆ ಮತ್ತೆ ಬಿಡುತ್ತೆ. ಆಮೇಲೆ ನನ್ನ ಕೈಲೂ ಏನೂ ಆಗಲ್ಲ." ಅವನು ಕ್ರೇನ್ ಡ್ರೈವರ್. ಒಂಟಿಗಣ್ಣಿನವನನ್ನು ಕ್ರೇನ್ ಹತ್ತಿಸುವುದಿಲ್ಲ. ಏಳಂತಸ್ತಿನ ಮೇಲೆ ಕೂತು ದಿನವಿಡೀ ಕೆಳಗೆ ನೋಡಿದವನಿಗೆ ಕೆಳಗೆ ನೋಡುವುದು ಹೊಸದಲ್ಲ, ಸುಮ್ಮನಿರುವುದು ಹೊಸದು. ಅದಕ್ಕೇ ಈ ಪುಸ್ತಕ.

ಪತ್ತೇದಾರ ಮತ್ತು ಅವನ ಸಹಾಯಕ ಕುಂಟನ ಕಥೆಗಳ ಹಿಂದಿನ ಐದೂ ಭಾಗಗಳನ್ನು ಅವನು ಊಟದ ಬಿಡುವಿನಲ್ಲಿ ಕ್ರೇನಿನ ಗೂಡಿನಲ್ಲೇ ಓದಿದ್ದ. ಕೆಳಗೆ ನಿಂತು ತನಗೆ ಕೈಸನ್ನೆ ಮಾಡುವ ಜೊತೆಗಾರನ ಎರಡು ಕಾಲೂ ನೆಟ್ಟಗಿದ್ದರೂ ಅವನನ್ನು ಕರೆಯುತ್ತಿದ್ದುದು "ಲೋ ಕುಂಟ" ಎಂದೇ. ಹೆಂಡತಿಗೆ ಇಂಥ ಪುಸ್ತಕ ಕಂಡರಾಗದು. ಕಳ್ಳನನ್ನು ಹಿಡಿಯಲು ಮುನ್ನೂರು ಪುಟ ಬೇಕೇ, ಮುಖ ನೋಡಿದರೆ ತಿಳಿಯುವುದಿಲ್ಲವೇ ಎಂಬುದು ಅವಳ ವಾದ. ಆದರೂ ಬೆಳಗಿನಿಂದ ಗಂಟಲು ಕಟ್ಟುವಷ್ಟು ಓದಿದ್ದಳು.

"ಇನ್ನೊಂದ್ಸಲ ಹೇಳು. ಪತ್ತೇದಾರ ಏನು ತೆಗ್ದ?"

"ಬಂದೂಕು."

"ಐದು ಭಾಗದಲ್ಲಿ ಒಂದು ಚಾಕೂ ಮುಟ್ಟಿದೋನಲ್ಲ ಅವನು! ಯಾರೋ ಬೇರೆಯವ್ರು ಬರ್ದಿರ್ಬೇಕು. ಹೆಸ್ರು ನೋಡು."

"ಅದೇ ಹೆಸ್ರಿದೆ ರೀ."

"ಹಾಗಾದ್ರೆ ಅವನಿಗೆ ತಲೆ ಕೆಟ್ಟಿದೆ. ಓದು, ಇನ್ನೇನು ಹಾಳು ಮಾಡಿದಾನೋ ನೋಡೋಣ."

ಗಂಡನ ಕತ್ತಿನ ನರ ಉಬ್ಬಿತ್ತು. ಮಂಚದ ಅಂಚನ್ನು ಹಿಡಿದ ಬೆರಳುಗಳು ಬಿಳಿಚಿದ್ದವು. ಓದುವ ಮೊದಲು ಅವಳ ಕಣ್ಣು ಪುಟದ ಕೊನೆಗೆ ಹಾರಿತು. ಅಲ್ಲಿ ಪತ್ತೇದಾರ ಕುಂಟನ ಬೆನ್ನಿಗೆ ಗುಂಡು ಹೊಡೆದಿದ್ದ. ಪತ್ತೇದಾರನೇ ಮೊದಲಿನಿಂದಲೂ ಕಳ್ಳರ ಕಡೆಯವನಾಗಿದ್ದನಂತೆ. ಇದನ್ನು ಕೇಳಿದರೆ ಈ ಮನುಷ್ಯ ಎದ್ದು ಕೂರುವುದು ಖಂಡಿತ. ಬರೆದವನಿಗೇನು, ಬರೆದು ಕೈ ತೊಳೆದುಕೊಂಡ. ಕಣ್ಣು ಹೋಗುವುದು ಇವನದು.

"ಯಾಕೆ ನಿಲ್ಲಿಸ್ದೆ?"

"ಅಕ್ಷರ ಸಣ್ಣಕ್ಕಿದೆ, ತಾಳಿ." ಅವಳು ಕೆಮ್ಮಿದಳು. "ಪತ್ತೇದಾರ... ಬಂದೂಕನ್ನು ಮೇಜಿನ ಮೇಲೆ ಇಟ್ಟ. ಅದರಲ್ಲಿ ಗುಂಡೇ ಇರಲಿಲ್ಲ."

"ಹಾಂ! ನಾನು ಹೇಳ್ಲಿಲ್ವಾ?"

ಬೆರಳುಗಳು ಸಡಿಲಾದವು. ಹೆಂಡತಿಗೆ ಧೈರ್ಯ ಬಂತು, ಆದರೆ ಕಥೆ ಬರಬೇಕಲ್ಲ. ಕಳ್ಳರನ್ನು ಬಾಗಿಲವರೆಗೆ ಕರೆತಂದಳು. ಕುಂಟನ ಭುಜಕ್ಕೆ ಸಣ್ಣ ಗಾಯ ಮಾಡಿ ಮೆಟ್ಟಿಲ ಕೆಳಗೆ ಬೋರಲು ಮಲಗಿಸಿದಳು. ಮುಂದೇನೆಂದು ತೋಚದೆ, ನಾಲಿಗೆಗೆ ಬಂದದ್ದನ್ನೇ ಆಡಿದಳು.

"ಪತ್ತೇದಾರ ಅವನ ಪಕ್ಕ ಕೂತ. 'ಅಲ್ಲಾಡಬೇಡ ಕಣೋ. ಒಂಚೂರೂ ತಲೆ ಎತ್ತಬೇಡ. ನಿನಗೇನಾದ್ರೂ ಆದ್ರೆ ನಾನೇನು ಮಾಡ್ಲಿ? ನಂಗೆ... ನಂಗೆ ಭಯ ಆಗ್ತಿದೆ,' ಅಂದ."

ಕೊನೆಯ ಮಾತಿಗೆ ಅವಳ ದನಿ ಒಡೆಯಿತು. ಆಸ್ಪತ್ರೆಯಿಂದ ಬಂದಾಗಿನಿಂದ ಅದನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ.

"ಪತ್ತೇದಾರ ಭಯ ಅಂತ ಬಾಯಿಬಿಟ್ಟು ಹೇಳೋನಲ್ಲ," ಎಂದ ಗಂಡ ನಿಧಾನವಾಗಿ.

ಅವನ ಭುಜ ಅಲುಗಿತು. ಎದ್ದೇಬಿಟ್ಟ ಎಂದುಕೊಂಡು ಅವಳು ಕೈ ಚಾಚಿದಳು. ಅವನು ಏಳಲಿಲ್ಲ.

"ಈ ಸಲ ಹೇಳ್ದ," ಎಂದಳು.

"ಹೂಂ. ಹಾಳೆ ತಿರುಗಿಸು. ಆಗ್ಲಿಂದ ಒಂದೇ ಹಾಳೇಲಿ ಇದೀಯ," ಎಂದ.

ಹೆಂಡತಿ ಸದ್ದಾಗುವಂತೆ ಹಾಳೆ ತಿರುಗಿಸಿದಳು. ಗಂಡ ದಿಂಬುಗಳನ್ನು ಎರಡೂ ಕಡೆಯಿಂದ ಹತ್ತಿರಕ್ಕೆಳೆದು, ಹಣೆಯನ್ನು ಸಂದಿಯಲ್ಲಿ ಇನ್ನಷ್ಟು ಕೆಳಗೆ ಇಳಿಸಿಕೊಂಡ.