ಕಾಯಲಾರದ ಕರೆ

ದನಕರುಗಳಿಗೆ ಜಡ್ಡಾದರೆ ಇಡೀ ಜಿಲ್ಲೆಗೆ ಒಂದೇ ಫೋನ್ ನಂಬರು ಇರಬೇಕೆಂಬುದು ನೇತ್ರಾಳ ಹಟ. ಅದಕ್ಕೆಂದೇ ಕೊಲ್ಹಾಪುರದಲ್ಲಿ ಪಶು ಆಹಾರದ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಆಫೀಸು ತೆರೆದಿದ್ದಳು. ಯಾವ ಮೂಲೆಯಿಂದ ಕರೆ ಬಂದರೂ ಅವಳ ಕಂಪ್ಯೂಟರು, ಪಶುವೈದ್ಯರನ್ನು ಇಟ್ಟುಕೊಂಡ ಐದಾರು ಕಂಪನಿಗಳ ಕಂಪ್ಯೂಟರುಗಳನ್ನು ಒಮ್ಮೆಗೇ ಕೇಳುತ್ತಿತ್ತು: ಈ ಕರೆ ಯಾರಿಗೆ ಬೇಕು, ಎಷ್ಟು ಕೊಡುತ್ತೀರಿ? ಹೆಚ್ಚು ಕೂಗಿದವರಿಗೆ ಕರೆ. ಈ ಲಿಲಾವು, ಅಂದರೆ ಹರಾಜು, ಕಣ್ಣು ಮಿಟುಕಿಸುವುದರೊಳಗೆ ಮುಗಿಯಬೇಕು. ಅದು ನಡೆದದ್ದೇ ರೈತನಿಗೆ ಗೊತ್ತಾಗಬಾರದು.

ಆ ಜುಲೈನಲ್ಲಿ ಮಳೆ ಹಿಡಿದುಕೊಂಡಿತು. ಕುರುಂದವಾಡದ ಕಡೆ ಹೊಳೆದಂಡೆಯವರು ದನಗಳನ್ನು ಎತ್ತರಕ್ಕೆ ಹೊಡೆಯತೊಡಗಿದರು. ಕರೆಗಳು ಒಂದರ ಮೇಲೊಂದು ಬಿದ್ದವು. ಮಧ್ಯಾಹ್ನದ ಹೊತ್ತಿಗೆ, ಕಂಪ್ಯೂಟರು ನೋಡಿಕೊಳ್ಳುವ ಅಮೋಲ ಅವಳನ್ನು ಕರೆದ.

"ಅಕ್ಕಾರ, ಈ ನಂಬರ ನೋಡ್ರಿ. ಗಡಹಿಂಗ್ಲಜ ಕಡೇದು. ಹಚ್ಚತಾರ, ಕಟ್ ಮಾಡತಾರ, ಮತ್ತ ಹಚ್ಚತಾರ."

ನೇತ್ರಾ ತಾನೇ ತಿರುಗಿ ಫೋನ್ ಹಚ್ಚಿದಳು. "ಯಾಕ ಕಟ್ ಮಾಡಾಕತ್ತೀರಿ ಅಮ್ಮಾರ?"

"ನಾ ಎಲ್ಲಿ ಕಟ್ ಮಾಡೇನವ್ವಾ! ಒಂದ ಸಪ್ಪಳನೂ ಬರವಲ್ದು. ಫೋನ್ ಸತ್ತೈತಿ ಅಂತ ಇಡಾಕತ್ತೇನಿ." ಮಹಾಗಾಂವದ ಬಾಳವ್ವ ಅಳುವಂತಾಗಿದ್ದಳು. "ನಮ್ಮ ಎಮ್ಮಿ ಈಯಾಕತ್ತೈತಿ. ಕರದ್ದು ಒಂದ ಕಾಲ ಅಷ್ಟ ಹೊರಗ ಬಂದೈತಿ. ಮುಂಜಾನಿಂದ ತಿಣಕಾಕತ್ತೈತಿ. ಯಾರನ್ನರೆ ಕಳಸವ್ವಾ!"

ಲಿಲಾವನ್ನು ಅತ್ತ ಬಿಟ್ಟು ನೇತ್ರಾ ಗಡಹಿಂಗ್ಲಜದ ಡಾಕ್ಟರ್ ಉಜ್ವಲಾಗೆ ನೇರವಾಗಿ ಫೋನ್ ಮಾಡಿದಳು. "ಕಾಲ ಹಿಡದು ಯಾರೂ ಜಗ್ಗಬ್ಯಾಡ್ರಿ ಅಂತ ಹೇಳ್ರಿ. ನಾ ಹೊಂಟೆ," ಎಂದಳು ಉಜ್ವಲಾ.

ಆಮೇಲೆ ನೇತ್ರಾ ಅಮೋಲನ ಪಕ್ಕ ಬಂದು ಕುಳಿತಳು. ಅವನು ಹೇಳಬೇಕಾಗಿಯೇ ಇರಲಿಲ್ಲ, ಪರದೆಯ ಮೇಲೇ ಕಾಣುತ್ತಿತ್ತು. ಉಳಿದ ಕಂಪನಿಗಳ ಕೂಗು, ಅಂದರೆ ಬಿಡ್ಡುಗಳೆಲ್ಲ, ಆಗಲೇ ಬಂದಿದ್ದವು. ಇಚಲಕರಂಜಿಯ ಕೇತನನ ಕಂಪನಿಯದು ಮಾತ್ರ ಬಂದಿರಲಿಲ್ಲ. ಅವಳನ್ನು ಯಾರೂ ನಂಬದ ಕಾಲದಲ್ಲಿ ಮೊದಲು ಕೈಜೋಡಿಸಿದವನು ಕೇತನ. ಅವನ ಕಂಪ್ಯೂಟರು ನಿಧಾನವೆಂದು ತಿಂಗಳ ಹಿಂದೆ ಅವಳೇ ಕಾಯುವ ಹೊತ್ತನ್ನು ಹಿಗ್ಗಿಸಿದ್ದಳು. ಈಗ ಪ್ರತಿ ಕರೆಯೂ ಅವನಿಗಾಗಿ ಕಾಯುತ್ತಿತ್ತು. ಅಷ್ಟು ಹೊತ್ತು ರೈತನ ಕಿವಿಗೆ ಬರೀ ಮೌನ. ಆತ ಇಟ್ಟು ಮತ್ತೆ ಹಚ್ಚಿದರೆ ಹೊಸದೊಂದು ಲಿಲಾವು, ಮತ್ತಷ್ಟು ಗದ್ದಲ.

"ಎಲ್ಲಾರಿಗೂ ಒಂದ ಗಡುವು ಹಾಕು," ಎಂದಳು. "ಅದರೊಳಗ ಬಂದ ಬಿಡ್ ಅಷ್ಟ ಹಿಡಿ. ಯಾರದೂ ಬರಲಿಲ್ಲ ಅಂದ್ರ ಸನೀಪದ ಡಾಕ್ಟರಗ ಕೊಡು."

"ಕೇತನ ದಾದಾಗ ಒಂದೂ ಕಾಲ್ ಹೋಗಂಗಿಲ್ಲರಿ."

"ಗೊತ್ತೈತಿ. ಹಾಕು."

ಗಡುವು ಬಿದ್ದದ್ದೇ ತಡ, ಪರದೆಯ ಮೇಲೆ ಸಾಲುಗಟ್ಟಿದ್ದ ಕರೆಗಳು ಕರಗತೊಡಗಿದವು. ಕೇತನನಿಗೆ ಸುದ್ದಿ ಹೇಳೋಣವೆಂದರೆ ಅವನು ಫೋನ್ ಎತ್ತಲಿಲ್ಲ. ನೇತ್ರಾ ಮತ್ತೆ ಹಚ್ಚಿದಳು. ಅಷ್ಟರಲ್ಲಿ ಮಹಾಗಾಂವದಿಂದ ಉಜ್ವಲಾಳ ಕರೆ ಬಂತು.

"ಮಡಚಿದ್ದ ಕಾಲ ಬಿಡಿಸಿ ತೆಗದೇನಿ. ಹೆಣ್ಣ ಕರ. ಎಮ್ಮಿನೂ ಆರಾಮ ಐತಿ. ಬಾಳವ್ವಕ್ಕ ನನ್ನ ಚಾ ಕುಡಿಸದ ಬಿಡಾಂಗಿಲ್ಲ ಅಂತ ಕುಂತಾಳ."

ನೇತ್ರಾ ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡಳು.

ಸಂಜೆ ಕೇತನ ತಾನೇ ಬಂದ. ತೊಯ್ದ ರೇನ್‌ಕೋಟು ಕಳಚಲೂ ಇಲ್ಲ. "ನೇತ್ರಾ ಮ್ಯಾಡಮ್, ನಿಮ್ಮ ಸಂಗಾಟ ಕೆಲಸ ಸಾಕು ಅಂತ ಹೇಳಾಕ ಬಂದೇನಿ. ತಿಂಗಳಾತು, ನಮ್ಮ ಹುಡುಗ್ಯಾರು ಫೋನ್ ಎತ್ತಿದ್ರ ಆ ಕಡೆ ಯಾರೂ ಇರಂಗಿಲ್ಲ. ಖಾಲಿ ಕಾಲ್ ಮಾರಾಕತ್ತೀರೇನು?"

ಅವಳು ನಡೆದದ್ದನ್ನು ಮುಚ್ಚಿಡದೆ ಹೇಳಿದಳು: ಅವನಿಗಾಗಿ ಕಾದದ್ದು, ಇವತ್ತು ಕಾಯುವುದನ್ನು ಬಿಟ್ಟದ್ದು. ಬೈಗುಳಕ್ಕೆ ಸಿದ್ಧಳಾಗಿದ್ದಳು. ಕೇತನ ಮೊದಲು ಮುಖ ಗಂಟಿಕ್ಕಿದ. ಆಮೇಲೆ ಧೊಪ್ಪನೆ ಕುಳಿತು ನಗತೊಡಗಿದ.

"ಅರೇ ದೇವಾ! ಅಂದ್ರ ನಾವು ಬಿಡ್ ಹೇಳೂದರಾಗ ರೈತ ಫೋನ್ ಇಟ್ಟು ಹೋಗಿರತಿದ್ದ! ನೀವು ಮೋಸ ಮಾಡಾಕತ್ತೀರಿ ಅಂತ ನಾ ಭಾಳ ಸಂಕಟ ಪಟ್ಟೇನ್ರಿ."

"ನಾನೂ ಅಷ್ಟ, ನಿಮ್ಮ ಹೊಟ್ಟಿ ಮ್ಯಾಲ ಹೊಡದೆ ಅಂತ."

ಅಮೋಲ ಇಚಲಕರಂಜಿಯ ಆಫೀಸಿಗೆ ಫೋನ್ ಹಚ್ಚಿ ಅಲ್ಲಿಯ ಹುಳುಕು ಹುಡುಕಿದ. ಪ್ರತಿ ಕರೆಗೂ ಕೇತನನ ಕಂಪ್ಯೂಟರು, ಯಾವ ಡಾಕ್ಟರು ಎಲ್ಲಿದ್ದಾರೆಂದು ಒಬ್ಬೊಬ್ಬರನ್ನಾಗಿ ಹೊಸದಾಗಿ ವಿಚಾರಿಸಿಕೊಂಡು ಆಮೇಲೆ ಬಿಡ್ ಹೇಳುತ್ತಿತ್ತು. ಇನ್ನು ಮುಂದೆ ಆ ಮಾಹಿತಿಯನ್ನು ಆಗಾಗ ತಾನೇ ತರಿಸಿಟ್ಟುಕೊಂಡು, ಕರೆ ಬಂದಾಗ ಬರೀ ಬಿಡ್ ಹೇಳುವಂತೆ ತಿದ್ದಿದರು. ಸ್ವಲ್ಪ ಹೊತ್ತಿಗೆ ಅಕಿವಾಟದಿಂದ ಬಂದ ಕರೆಗೆ ಕೇತನನ ಬಿಡ್ ಗಡುವಿನೊಳಗೇ ಬಂದು ಗೆದ್ದಿತು. ಅಮೋಲ ಸ್ಪೀಕರ್ ಹಾಕಿದ.

"ಹೇಳ್ರಿ ಕಾಕಾ, ಏನಾಗೇತಿ?" ಎಂದು ಇಚಲಕರಂಜಿಯ ಹುಡುಗಿಯೊಬ್ಬಳು ಕೇಳುತ್ತಿದ್ದಳು. ಅತ್ತಲಿಂದ ಒಬ್ಬ ಮುದುಕ ತನ್ನ ಹೋರಿ ಕುಂಟುವುದನ್ನು ಸಾವಕಾಶವಾಗಿ ವಿವರಿಸತೊಡಗಿದ.

ಕೇತನ ಈಗ ರೇನ್‌ಕೋಟು ಕಳಚಿ ಬಾಗಿಲಿಗೆ ತೂಗುಹಾಕಿದ. ಬೆಳಗಿನಿಂದ ತಾನು ಏನೂ ತಿಂದಿಲ್ಲವೆಂದು ನೇತ್ರಾಳಿಗೆ ಆಗ ನೆನಪಾಯಿತು. ಡಬ್ಬಿ ಬಿಚ್ಚಿ, ಆರಿದ ರೊಟ್ಟಿಯನ್ನು ಮೂವರಿಗೂ ಮುರಿದಳು.